ಸಿಗಾರಿನ ಪೆಟ್ಟಿಗೆ: ಎಲೆಯ ಹದ, ತೇವದ ಲೆಕ್ಕ

ಇಂಗ್ಲಿಷಿನ 'ಶೆರೂಟ್' ಎಂಬ ಮಾತು ತಮಿಳಿನ 'ಸುರುಟ್ಟು' ಎಂಬುದರಿಂದ ಹುಟ್ಟಿತು. ನಮ್ಮ 'ಚುರುಟು' ಕೂಡ ಅದೇ ಬಳಗದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ತಿರುಚಿರಾಪಳ್ಳಿಯ ಚುರುಟು ಇಂಗ್ಲೆಂಡಿನವರೆಗೂ ಹೆಸರು ಮಾಡಿತ್ತು. 1887ರಲ್ಲಿ ಬಂದ ಷೆರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯಲ್ಲಿ ಆ ಪತ್ತೇದಾರ ನೆಲದ ಮೇಲಿನ ಬೂದಿಯನ್ನು ನೋಡಿಯೇ ಅದು ತಿರುಚಿರಾಪಳ್ಳಿಯ ಚುರುಟಿನದೆಂದು ಗುರುತಿಸುತ್ತಾನೆ. ಆದರೆ ಇಂದು ದುಬಾರಿ ಸಿಗಾರ್ ಎಂದೊಡನೆ ನೆನಪಾಗುವುದು ಕ್ಯೂಬಾ. ಅದನ್ನು ಕೊಂಡು, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಕಾಪಾಡಿ, ಆಮೇಲೆ ಸೇದುವುದೇ ಹಲವು ದೇಶಗಳ ಶ್ರೀಮಂತರಿಗೆ ಒಂದು ಹವ್ಯಾಸ. ಅದರ ಹಿಂದೆ ಸ್ವಾರಸ್ಯದ ಇತಿಹಾಸವೂ ಇದೆ, ವಿಜ್ಞಾನವೂ ಇದೆ, ಮರೆಯಬಾರದ ಅಪಾಯವೂ ಇದೆ.

1492ರಲ್ಲಿ ಕೊಲಂಬಸ್‌ನ ಸಂಗಡಿಗರಿಬ್ಬರು ಕ್ಯೂಬಾದ ಒಳನಾಡಿಗೆ ಹೋದಾಗ ಅಲ್ಲಿನ ಜನ ಎಲೆಯ ಸುರುಳಿಗೆ ಬೆಂಕಿ ತಾಗಿಸಿ ಹೊಗೆ ಎಳೆಯುವುದನ್ನು ಕಂಡರು. ಆ ಎಲೆ ಸ್ಪೇನಿಗೆ ಹೋಯಿತು, ಬೊಕ್ಕಸ ತುಂಬುವ ಸರಕಾಯಿತು. 1717ರಲ್ಲಿ ಸ್ಪೇನಿನ ದೊರೆತನ ಕ್ಯೂಬಾದ ಹೊಗೆಸೊಪ್ಪಿನ ವ್ಯಾಪಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಾಗ ರೈತರು ದಂಗೆ ಎದ್ದರು. ಈ ಏಕಸ್ವಾಮ್ಯ ಕೊನೆಗೊಂಡದ್ದು 1817ರಲ್ಲಿ. ಹವಾನದ ದೊಡ್ಡ ಹೆಸರುಗಳು ಬೆಳೆದದ್ದು ಆ ನಂತರವೇ: ಎಚ್. ಉಪ್ಮನ್ 1844ರಲ್ಲಿ, ಪಾರ್ತಗಾಸ್ 1845ರಲ್ಲಿ.

ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವ ಹೊಗೆಸೊಪ್ಪಿಗೂ ಇದಕ್ಕೂ ವ್ಯತ್ಯಾಸವಿದೆ. ನಮ್ಮದು ಸಿಗರೇಟಿನ ಸೊಪ್ಪು. ಬ್ಯಾರನ್ನಿನೊಳಗೆ ಬಿಸಿ ಕೊಟ್ಟು ಬೇಗ ಹಳದಿಗೆ ತಿರುಗಿಸಿ ಒಣಗಿಸುತ್ತಾರೆ. ಸಿಗಾರಿನ ಎಲೆಯನ್ನಾದರೋ ನೆರಳಿನಲ್ಲಿ ತೂಗುಹಾಕಿ ಗಾಳಿಗೆ ನಿಧಾನವಾಗಿ ಆರಿಸುತ್ತಾರೆ. ಆಮೇಲೆ ರಾಶಿ ಹಾಕಿ ಹುದುಗು ಬರಿಸುತ್ತಾರೆ. ರಾಶಿ ತಾನಾಗಿ ಕಾವೇರುತ್ತದೆ, ಅಮೋನಿಯಾ ಹೊರಬೀಳುತ್ತದೆ, ಎಲೆಯ ಕಟುತನ ಇಳಿಯುತ್ತದೆ. ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತದ ವುವೆಲ್ತಾ ಅಬಾಹೊ ಎಂಬ ಕೆಂಪುಮಣ್ಣಿನ ಸೀಮೆ ಇಂಥ ಎಲೆಗೆ ಪ್ರಸಿದ್ಧ.

ಒಳ್ಳೆಯ ಸಿಗಾರಿನಲ್ಲಿ ಮೂರು ಪದರ. ಒಳಗೆ ತಿರುಳಿನ ಎಲೆಗಳು, ಅವನ್ನು ಹಿಡಿದಿಡುವ ಕಟ್ಟಿನ ಎಲೆ, ಎಲ್ಲಕ್ಕೂ ಮೇಲೆ ನುಣುಪಾದ ಹೊದಿಕೆ. ಹೊದಿಕೆಯ ಎಲೆಗೆ ಕಲೆ ಬೀಳದಿರಲೆಂದು ಗಿಡಗಳ ಮೇಲೆ ತೆಳುಬಟ್ಟೆಯ ಚಪ್ಪರ ಹಾಕಿ ಬೆಳೆಸುತ್ತಾರೆ. ತಿರುಳಿಗೆ ಗಿಡದ ತುದಿಯ ಎಲೆ ಖಾರ ಕೊಟ್ಟರೆ, ನಡುವಿನ ಎಲೆ ಪರಿಮಳ ಕೊಡುತ್ತದೆ, ಬುಡದ ಎಲೆ ಸಮವಾಗಿ ಉರಿಯಲು ನೆರವಾಗುತ್ತದೆ. ಯಂತ್ರದ ಅಗ್ಗದ ಸಿಗಾರಿನಲ್ಲಿರುವುದು ಎಲೆಯ ಚೂರು; ಕೈಯಿಂದ ಸುತ್ತಿದ್ದರಲ್ಲಿ ಉದ್ದಕ್ಕೂ ಇಡೀ ಎಲೆ. ಬೆಲೆಯ ಅಂತರಕ್ಕೆ ಇದು ಮುಖ್ಯ ಕಾರಣ.

ದಿನವಿಡೀ ಒಂದೇ ಬೆಂಚಿನ ಮೇಲೆ ಕೂತು ಸುತ್ತುವ ಕೆಲಸಗಾರರಿಗೆ ಬೇಸರ ಕಳೆಯಲು ಹೊಳೆದ ಉಪಾಯ ವಿಶಿಷ್ಟವಾದದ್ದು. ನಮ್ಮ ಹಳ್ಳಿಯ ಜಗಲಿಗಳಲ್ಲಿ ಒಬ್ಬರು ಜೈಮಿನಿ ಭಾರತ ಓದಿ ಉಳಿದವರು ಕೇಳುತ್ತಿದ್ದ ಹಾಗೆ, 1865ರಲ್ಲಿ ಹವಾನದ ಎಲ್ ಫಿಗಾರೊ ಕಾರ್ಖಾನೆಯಲ್ಲಿ ಒಬ್ಬನು ಗಟ್ಟಿಯಾಗಿ ಓದುವ ಪದ್ಧತಿ ಆರಂಭವಾಯಿತು. ಓದುವವನ ಸಂಬಳಕ್ಕೆ ಕೆಲಸಗಾರರೇ ತಮ್ಮ ಕೂಲಿಯಿಂದ ಹಣ ಕೂಡಿಸುತ್ತಿದ್ದರು. ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಕೇಳಿ ಕೇಳಿ, ಅಕ್ಷರ ಬಾರದವರೂ ರಾಜಕೀಯ ಮಾತಾಡತೊಡಗಿದರು. ಮರುವರ್ಷವೇ ಸರ್ಕಾರ ಈ ವಾಚನವನ್ನು ನಿಷೇಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಿಷೇಧ ನಿಲ್ಲಲಿಲ್ಲ, ಪದ್ಧತಿ ಉಳಿಯಿತು. 1935ರಲ್ಲಿ ಹುಟ್ಟಿದ ಮಾಂಟೆಕ್ರಿಸ್ಟೊ ಸಿಗಾರಿಗೆ ಆ ಹೆಸರು ಬಂದದ್ದು ಕೆಲಸಗಾರರು ಮೆಚ್ಚಿ ಕೇಳುತ್ತಿದ್ದ ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯಿಂದ ಎನ್ನುತ್ತಾರೆ.

ಇನ್ನು ಕಾಪಾಡುವ ವಿಚಾರ. ಸಿಗಾರ್ ಒಣಗಿದ ಎಲೆಯೇ ಆದರೂ ಸುತ್ತಲ ಗಾಳಿಯಿಂದ ತೇವವನ್ನು ಹೀರುತ್ತದೆ, ಬಿಡುತ್ತದೆ. ತಾಳೆಗರಿಯ ಹಸ್ತಪ್ರತಿಗಳ ಪಾಡೇ ಇದರದೂ: ಹೆಚ್ಚು ಒಣಗಿದರೆ ಸೀಳುತ್ತದೆ, ಹೆಚ್ಚು ತಣಿದರೆ ಬೂಸ್ಟು ಹಿಡಿಯುತ್ತದೆ. ಒಣಗಿದಾಗ ಪರಿಮಳದ ಎಣ್ಣೆ ಆರಿಹೋಗಿ ಹೊಗೆ ಸುಡುತ್ತದೆ. ಹಾಗೆ ಆರಿಹೋದದ್ದನ್ನು ಮತ್ತೆ ತೇವಕ್ಕಿಟ್ಟರೆ ಮೆತ್ತಗಾದೀತು, ಹೋದ ಪರಿಮಳ ಮಾತ್ರ ಮರಳದು. ತೇವ ಹೆಚ್ಚಾದರೆ ಉಬ್ಬಿ ಹೊದಿಕೆ ಬಿರಿಯುತ್ತದೆ, ಬೆಂಕಿ ನಿಲ್ಲುವುದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65ರಿಂದ 70, ಉಷ್ಣತೆ 18ರಿಂದ 21 ಡಿಗ್ರಿ ಸೆಲ್ಸಿಯಸ್ ಇದ್ದರೆ ಹದ ಎಂದು ಬಲ್ಲವರ ಲೆಕ್ಕ.

ಈ ಹದವನ್ನು ಹಿಡಿದಿಡುವ ಪೆಟ್ಟಿಗೆಯೇ ಹ್ಯುಮಿಡಾರ್. ಅದರ ಒಳಮೈಗೆ 'ಸ್ಪ್ಯಾನಿಷ್ ಸೀಡರ್' ಹಲಗೆ ಹೊದಿಸುತ್ತಾರೆ. ಹೆಸರು ಹಾಗಿದ್ದರೂ ಆ ಮರ ಸ್ಪೇನಿನದಲ್ಲ, ದೇವದಾರುವೂ ಅಲ್ಲ. ಅಮೆರಿಕ ಖಂಡದ, ನಮ್ಮ ಬೇವಿನ ಕುಟುಂಬಕ್ಕೇ ಸೇರಿದ ಮರ. ಅದು ತೇವವನ್ನು ಹೀರಿಟ್ಟುಕೊಂಡು ಬೇಕಾದಾಗ ಬಿಡುತ್ತದೆ. ಹೊಸ ಪೆಟ್ಟಿಗೆಯೊಳಗೆ ಮೊದಲು ಭಟ್ಟಿ ಇಳಿಸಿದ ನೀರಿನ ಬಟ್ಟಲನ್ನು ಕೆಲವು ದಿನ ಇಟ್ಟು ಮರದ ದಾಹ ತಣಿಸಬೇಕು. ಇಲ್ಲದಿದ್ದರೆ ಮರವೇ ಸಿಗಾರಿನ ತೇವವನ್ನು ಕುಡಿದುಬಿಡುತ್ತದೆ.

ಒಳಗಿನ ತೇವಮಾಪಕ ಸುಳ್ಳು ಹೇಳುವುದುಂಟು. ಅದರ ಪರೀಕ್ಷೆಗೆ ಅಡುಗೆಮನೆಯ ಉಪ್ಪೇ ಸಾಕು. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಅದು ಕರಗದೆ ಒದ್ದೆಯಾಗುವಷ್ಟೇ ನೀರು ಬೆರೆಸಿ, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಬೇಕು. ಒಳಗಿನ ಆರ್ದ್ರತೆ ಶೇಕಡ 75ಕ್ಕೆ ನಿಲ್ಲುತ್ತದೆ. ಮಾಪಕ ಬೇರೆ ಏನಾದರೂ ತೋರಿಸಿದರೆ ಆ ವ್ಯತ್ಯಾಸವೇ ಅದರ ದೋಷ.

ಇನ್ನೊಬ್ಬ ಶತ್ರು ಸಿಗಾರಿನ ಪುಟ್ಟ ಜೀರುಂಡೆ. ನಮ್ಮ ಮನೆಗಳ ಅರಿಶಿನ, ಕೊತ್ತಂಬರಿ ಬೀಜಗಳನ್ನು ಕೊರೆಯುವುದೂ ಇದೇ ಹುಳು. ಎಲೆಯಲ್ಲಿ ಅಡಗಿದ ಮೊಟ್ಟೆಗಳು ಸೆಕೆ ಏರಿದಾಗ ಒಡೆಯುತ್ತವೆ. ಹೊದಿಕೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಹುಳು ಬಿದ್ದಿದೆ ಎಂದರ್ಥ. ಆಗ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಫ್ರೀಜರಿನಲ್ಲಿಟ್ಟು, ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಬಳಿಕ ಹೊರತೆಗೆಯುತ್ತಾರೆ. ಹಾಗೆಂದು ಫ್ರಿಜ್ಜೇ ಸಂಗ್ರಹದ ಜಾಗವಲ್ಲ. ಅದರ ಒಣಗಾಳಿ ಸಿಗಾರನ್ನು ಕೆಡಿಸುತ್ತದೆ.

ಸೇದುವುದಕ್ಕೂ ರೀತಿ ಇದೆ. ತುದಿಯನ್ನು ಹರಿತವಾಗಿ ಕತ್ತರಿಸಬೇಕು, ಜ್ವಾಲೆ ನೇರ ತಾಗದಂತೆ ತಿರುಗಿಸುತ್ತ ಹೊತ್ತಿಸಬೇಕು, ನಿಮಿಷಕ್ಕೊಂದು ದಮ್ಮಿಗಿಂತ ಹೆಚ್ಚು ಎಳೆಯಬಾರದು, ಹೊಗೆಯನ್ನು ನುಂಗಬಾರದು. ಈ ಗೀಳು ಎಂಥವರನ್ನೂ ಬಿಟ್ಟಿಲ್ಲ. 1962ರಲ್ಲಿ ಕ್ಯೂಬಾದ ಸರಕಿಗೆ ನಿರ್ಬಂಧ ಹೇರುವ ಆಜ್ಞೆಗೆ ಸಹಿ ಹಾಕುವ ಮುನ್ನ ಅಧ್ಯಕ್ಷ ಕೆನಡಿ 1,200 ಉಪ್ಮನ್ ಸಿಗಾರುಗಳನ್ನು ತರಿಸಿಕೊಂಡರೆಂದು ಅವರ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಹೇಳಿದ್ದಾರೆ. ಆ ವೇಳೆಗೆ ದೇಶ ಬಿಟ್ಟಿದ್ದ ಕ್ಯೂಬಾದ ಬೆಳೆಗಾರರು ಬೀಜವನ್ನೂ ಕಸಬನ್ನೂ ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಗಳಿಗೆ ಒಯ್ದರು. ಇಂದು ಅಲ್ಲಿಯ ಸಿಗಾರುಗಳೂ ಹವಾನಕ್ಕೆ ಸರಿಸಾಟಿ.

ಹೊಗೆ ನುಂಗದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ಮಾತ್ರ ತಪ್ಪು. ಸಿಗಾರಿನ ಹೊಗೆ ಕ್ಷಾರಗುಣದ್ದು. ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪೊಟ್ಟಣ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಲ್ಲದು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಅದು ದಾರಿ. ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಸಿಗಾರಿಲ್ಲದೆ ಬರೆಯಲಾರೆ ಎನ್ನುತ್ತಿದ್ದವರು. 1923ರಲ್ಲಿ ಅವರ ಬಾಯಿಯಲ್ಲಿ ಕ್ಯಾನ್ಸರ್ ಕಾಣಿಸಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು, ದವಡೆಗೆ ಕೃತಕ ಅಂಗ ಕೂಡಿಸಿದರು, ಮಾತು ಊಟ ಎರಡೂ ಯಾತನೆಯಾದವು. ಆದರೂ ಸಿಗಾರ್ ಬಿಡಲಾಗಲಿಲ್ಲ. 1939ರಲ್ಲಿ ತೀರಿಕೊಂಡರು. ಮನುಷ್ಯನ ಮನಸ್ಸಿನ ಗಂಟುಗಳನ್ನು ಬಿಡಿಸಲು ಹೊರಟವರಿಗೇ ಈ ಗಂಟು ಬಿಡಿಸಲಾಗಲಿಲ್ಲ. ಎಲೆಯನ್ನು ಹದಗೆಡದಂತೆ ಕಾಯುವ ಜಾಣ್ಮೆ ಮನುಷ್ಯನಿಗೆ ಸಿದ್ಧಿಸಿದೆ. ಆ ಎಲೆಯಿಂದ ತನ್ನನ್ನು ಕಾಯ್ದುಕೊಳ್ಳುವ ಪೆಟ್ಟಿಗೆಯನ್ನು ಇನ್ನೂ ಯಾರೂ ಮಾಡಿಲ್ಲ.