ನೋವು ತಗ್ಗಲಿ, ಮಾತು ನಡೆಯಲಿ

ಹುಟ್ಟಿದ ಜಾಗ ಬಿಟ್ಟು ಮೂಳೆ, ಯಕೃತ್ತು, ಶ್ವಾಸಕೋಶ, ಮಿದುಳಿಗೆ ಹರಡಿದ ಅಥವಾ ಪೂರ್ತಿ ವಾಸಿ ಮಾಡಲಾಗದಷ್ಟು ಬೆಳೆದ ಕ್ಯಾನ್ಸರನ್ನು ಮುಂದುವರಿದ ಕ್ಯಾನ್ಸರ್ ಎನ್ನುತ್ತಾರೆ. ಈ ಹಂತ ಮುಟ್ಟಿದ ಮೇಲೂ ಕೆಲವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಬದುಕುತ್ತಾರೆ. ಗೆಡ್ಡೆ ಎಷ್ಟಿದೆ ಎಂದು ಸ್ಕ್ಯಾನ್ ಹೇಳುತ್ತದೆ. ರಾತ್ರಿ ಕಣ್ಣು ಹತ್ತಿತೇ, ಎರಡು ತುತ್ತು ಸೇರಿತೇ, ಮೊಮ್ಮಗು ಹತ್ತಿರ ಬಂತೇ ಎನ್ನುವುದನ್ನು ರೋಗಿಯೇ ಹೇಳಬೇಕು. ಜೀವನದ ಗುಣಮಟ್ಟ ಎಂದು ವೈದ್ಯರು ಕರೆಯುವುದು ಇದನ್ನೇ. ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಯುರೋಪಿನ ಇಒಆರ್‌ಟಿಸಿ ಪ್ರಶ್ನಾವಳಿಯಲ್ಲಿ ಇಂಥ 30 ಪ್ರಶ್ನೆಗಳಿವೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಸಂತೋಷ್ ಕೆ. ಚತುರ್ವೇದಿ, ಕ್ಯಾನ್ಸರ್‌ ಬಂದಾಗ ಭಾರತೀಯರಿಗೆ ಯಾವುದು ಮುಖ್ಯ ಎಂಬ ಅಧ್ಯಯನವನ್ನು 1991ರಲ್ಲಿ ಪ್ರಕಟಿಸಿದರು. ಮನಃಶಾಂತಿ, ಆಧ್ಯಾತ್ಮಿಕ ತೃಪ್ತಿ, ಸಂಸಾರದ ನೆಮ್ಮದಿ ಇವಕ್ಕೆ ಜನ ಹೆಚ್ಚಿನ ತೂಕ ಕೊಟ್ಟಿದ್ದರು. ಹಳ್ಳಿಯ ರೋಗಿಗಳ ಮಾತು ಕೇಳಿದವರಿಗೆ ಇದು ಹೊಸದೆನಿಸದು. ಮಗಳ ಮದುವೆ, ಜಮೀನಿನ ಖಾತೆ, ತೀರದ ಸಾಲ, ಹರಕೆ ಹೊತ್ತ ದೇವರು: ಅವರ ಚಿಂತೆ ಸುತ್ತುವುದು ಇವುಗಳ ಸುತ್ತಲೇ.

ಆದರೆ ನೋವಿನಲ್ಲಿ ಒದ್ದಾಡುವವರಿಗೆ ಸಮಾಧಾನದ ಮಾತು ತಟ್ಟುವುದಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆ ಮನೆ) ತೆರೆದ ಸಿಸಿಲಿ ಸಾಂಡರ್ಸ್, ದೇಹ, ಮನಸ್ಸು, ಸಂಸಾರ, ನಂಬಿಕೆ ನಾಲ್ಕೂ ಬೆರೆತ ನೋವನ್ನು ‘ಸಮಗ್ರ ನೋವು’ ಎಂದು ಕರೆದರು. ಅದರಲ್ಲಿ ಮೊದಲು ತಗ್ಗಬೇಕಾದದ್ದು ಮೈನೋವು. ತೀವ್ರ ನೋವಿಗೆ ಮಾರ್ಫಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. ಮಲಬದ್ಧತೆ ಆಗದಂತೆ ಜೊತೆಗೊಂದು ಔಷಧ ಇರುತ್ತದೆ. ವೈದ್ಯರು ಹೇಳಿದಂತೆ ನೋವಿಗಾಗಿ ತೆಗೆದುಕೊಂಡವರು ಚಟಕ್ಕೆ ಬೀಳುವುದು ಅಪರೂಪ. 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳಿಂದಾಗಿ ಈ ಮಾತ್ರೆ ಎಷ್ಟೋ ಆಸ್ಪತ್ರೆಗಳಲ್ಲಿ ಸಿಗದಾಗಿತ್ತು. 2014ರ ತಿದ್ದುಪಡಿ ನಿಯಮ ಸಡಿಲಿಸಿತು. ಹೆದರಿಕೆ ಮಾತ್ರ ಅಷ್ಟು ಬೇಗ ಸಡಿಲಲಿಲ್ಲ.

ಬಾಯಿ ಕ್ಯಾನ್ಸರಿನ ಹುಣ್ಣು ಕೆನ್ನೆಯಾಚೆ ಒಡೆದಾಗ ವಾಸನೆ ಬರುತ್ತದೆ. ರೋಗಿ ತಾನಾಗಿಯೇ ಜಗಲಿಗೆ ಹಾಸಿಗೆ ಹಾಕಿಕೊಳ್ಳುತ್ತಾನೆ, ತಟ್ಟೆ ಲೋಟ ಬೇರೆ ಮಾಡಿಕೊಳ್ಳುತ್ತಾನೆ. ಬಂದವರು ಮೂಗಿಗೆ ಸೆರಗು ಹಿಡಿದದ್ದು ಅವನ ಕಣ್ಣು ತಪ್ಪುವುದಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲ. ಹುಣ್ಣನ್ನು ದಿನವೂ ಉಪ್ಪುನೀರಿನಲ್ಲಿ ತೊಳೆದು, ಮೆಟ್ರೋನಿಡಜೋಲ್ ಮಾತ್ರೆಯ ಪುಡಿ ಉದುರಿಸಿ ಪಟ್ಟಿ ಕಟ್ಟಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಹಾಸಿಗೆ ಮತ್ತೆ ಒಳಮನೆಗೆ ಬರುತ್ತದೆ. ಮನಸ್ಸಿನ ಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಕಡಿಮೆ.

ಹಾಸನ ಜಿಲ್ಲೆಯಲ್ಲಿ, ಹೇಮಾವತಿಯ ಹಿನ್ನೀರಿನ ಶೆಟ್ಟಿಹಳ್ಳಿಯಾಗಲಿ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಾಗಲಿ, ಜನ ಈ ರೋಗದ ಹೆಸರೆತ್ತುವುದಿಲ್ಲ. ‘ದೊಡ್ಡ ಕಾಯಿಲೆ’ ಎನ್ನುತ್ತಾರೆ. “ಅವ್ರಿಗೆ ಗೊತ್ತಾಗೋದು ಬ್ಯಾಡ, ಎದೆ ಒಡ್ಕತಾರೆ” ಎಂದು ಮಕ್ಕಳು ವೈದ್ಯರನ್ನು ಬೇಡಿಕೊಳ್ಳುತ್ತಾರೆ. ಅದು ಪ್ರೀತಿಯ ಮಾತೇ. ಆದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ದಾಗಲೇ ರೋಗಿಗೆ ಅರ್ಧ ತಿಳಿದಿರುತ್ತದೆ, ಮಿಕ್ಕರ್ಧವನ್ನು ಸೊಸೆಯ ಕಣ್ಣು ಹೇಳಿರುತ್ತದೆ. ಮಕ್ಕಳು ನೊಂದಾರೆಂದು ಅವರೂ ಗೊತ್ತಿಲ್ಲದಂತೆ ಇರುತ್ತಾರೆ. ಒಂದೇ ಸೂರಿನಡಿ ಇಬ್ಬರೂ ಒಂಟಿಯಾಗುತ್ತಾರೆ. ಪಳಗಿದ ವೈದ್ಯರು ಸುಳ್ಳಾಡುವುದಿಲ್ಲ, ಎಲ್ಲವನ್ನೂ ಒಮ್ಮೆಗೇ ಸುರಿಯುವುದೂ ಇಲ್ಲ. “ನಿಮಗೆ ಏನು ಅನ್ನಿಸುತ್ತೆ? ಎಷ್ಟು ತಿಳ್ಕೊಬೇಕು ಅಂತಿದೆ?” ಎಂದು ಕೇಳಿ, ಅಷ್ಟಷ್ಟೇ ಹೇಳುತ್ತಾರೆ.

ದುಃಖ ಸಹಜ. ಖಿನ್ನತೆ ಬೇರೆ, ಅದಕ್ಕೆ ಮದ್ದುಂಟು. ಹಸಿವು, ನಿದ್ದೆ, ತೂಕ ಕ್ಯಾನ್ಸರಿನಿಂದಲೂ ಕುಗ್ಗುವುದರಿಂದ ಅವನ್ನಷ್ಟೇ ನಂಬಿ ಗುರುತಿಸಲಾಗದು. ಯಾವುದರಲ್ಲೂ ಮನಸ್ಸಿಲ್ಲದಿರುವುದು, ‘ನಾನು ಎಲ್ಲರಿಗೂ ಭಾರ’ ಎಂಬ ಕೊರಗು, ಸಾವನ್ನು ಬಯಸುವುದು ನಿಜವಾದ ಸೂಚನೆಗಳು. “ವಯಸ್ಸಾಯ್ತು, ಕಾಯಿಲೆ ಬಂತು, ಬೇಜಾರು ಇದ್ದದ್ದೇ” ಎಂದು ತಳ್ಳಿಹಾಕುವುದು ರೋಗಿಗೆ ಮಾಡುವ ಅನ್ಯಾಯ. ಆಪ್ತಸಮಾಲೋಚನೆಗೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ.

ಅಮೆರಿಕದ ಬಾಸ್ಟನ್ನಿನಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆಯ ಆರಂಭದಿಂದಲೇ ಉಪಶಮನ ಆರೈಕೆ (ನೋವು, ಸಂಕಟ ತಗ್ಗಿಸುವ ಆರೈಕೆ) ಪಡೆದವರಲ್ಲಿ ಖಿನ್ನತೆಯ ಲಕ್ಷಣ 16% ಮಂದಿಗೆ ಕಂಡಿತು, ಉಳಿದವರಲ್ಲಿ 38%. ಆಯುಷ್ಯದ ಮಧ್ಯಾಂಕವೂ 8.9ರ ಬದಲು 11.6 ತಿಂಗಳಾಗಿತ್ತು. ಅಂದರೆ ಈ ಆರೈಕೆ ‘ಕೈಚೆಲ್ಲಿದ ಮೇಲಿನದು’ ಅಲ್ಲ. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್, 1999ರಿಂದ ಕರುಣಾಶ್ರಯ ಎಂಬ ತನ್ನ ಹಾಸ್ಪೈಸ್‌ನಲ್ಲಿ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಮನೆಗೇ ಹೋಗಿ ಆರೈಕೆ ಮಾಡುವುದೂ ಉಂಟು.

ಆದರೆ ಶೆಟ್ಟಿಹಳ್ಳಿಯಿಂದ ಬೆಂಗಳೂರು ಸುಮಾರು 200 ಕಿ.ಮೀ. ದೂರ. ಮೂಳೆಗೆ ಕ್ಯಾನ್ಸರ್ ಹರಡಿದ ರೋಗಿಗೆ ಬಸ್ಸಿನ ಒಂದೊಂದು ಕುಲುಕಾಟವೂ ಇರಿತ, ಜೊತೆಗೆ ಹೋದವರಿಗೆ ಅಂದಿನ ಕೂಲಿ ಇಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಮಾರ್ಫಿನ್, ಹುಣ್ಣು ಕಟ್ಟಲು ಬಲ್ಲ ನರ್ಸ್, ಫೋನಿನಲ್ಲಿ ಸಿಗುವ ವೈದ್ಯರು ಇದ್ದರೆ ಆ ಪ್ರಯಾಣಗಳಲ್ಲಿ ಎಷ್ಟೋ ತಪ್ಪುತ್ತವೆ. ರಾತ್ರಿಯೆಲ್ಲ ಎದ್ದಿದ್ದು ರೋಗಿಯನ್ನು ಮಗ್ಗುಲು ಹೊರಳಿಸುವ ಹೆಂಡತಿಗೂ ನಾಲ್ಕು ಗಂಟೆ ನಿದ್ದೆ ಸಿಗುತ್ತದೆ.