ಶುಶ್ರೂಷೆಯ ನುಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ಜಪಾನ್ ಅಪರಿಚಿತ ದೇಶವಲ್ಲ. ರೇಷ್ಮೆ ಬೆಳೆಯುವ ಈ ನಾಡಿಗೆ ದ್ವಿತಳಿ ರೇಷ್ಮೆಯ ವಿದ್ಯೆ 1991ರಿಂದ ಜಪಾನಿನ ನೆರವಿನೊಡನೆ ಬಂದಿತು. 1997ರಲ್ಲಿ ಸ್ಥಾಪಿತವಾದ ಟೊಯೋಟ ಕಿರ್ಲೋಸ್ಕರ್ ಸಂಸ್ಥೆಯು ಬಿಡದಿಯಲ್ಲಿ ಕಾರ್ಖಾನೆಯನ್ನು ಕಟ್ಟಿತು. ಯಂತ್ರದ ಮುಂದೆ ನಿಲ್ಲುವವನಿಗೆ 'ಕೈಜೆನ್' ಮೊದಲಾದ ನಾಲ್ಕಾರು ಜಪಾನೀ ಪದಗಳು ತಿಳಿದಿದ್ದರೆ ಸಾಕು. ಆದರೆ ಜಪಾನಿಗೇ ಹೋಗಿ ವೃದ್ಧರ ಆರೈಕೆ ಮಾಡಬೇಕೆನ್ನುವವರಿಗೆ ಅಷ್ಟು ಸಾಲದು.

ಆ ದೇಶದಲ್ಲಿ ಪ್ರತಿ 10 ಜನರಲ್ಲಿ ಸುಮಾರು 3 ಮಂದಿ 65 ವರ್ಷ ದಾಟಿದವರು. ಅವರನ್ನು ನೋಡಿಕೊಳ್ಳಲು ಕೈಗಳು ಸಾಲವು. ಆದುದರಿಂದ 2019ರ ಏಪ್ರಿಲ್‌ನಲ್ಲಿ ಜಪಾನ್ ವಿದೇಶೀ ಕುಶಲ ಕೆಲಸಗಾರರಿಗಾಗಿ ಹೊಸ ಬಗೆಯ ವೀಸಾವನ್ನು ಜಾರಿಗೆ ತಂದಿತು. 2021ರ ಜನವರಿಯಲ್ಲಿ ಭಾರತದೊಡನೆ ಈ ಕುರಿತು ಒಪ್ಪಂದವಾಯಿತು. ಆರೈಕೆಯ ಕೆಲಸಕ್ಕೆ ಹೋಗುವವರು ಕೌಶಲದ ಪರೀಕ್ಷೆಯ ಜೊತೆಗೆ ಸಾಮಾನ್ಯ ಜಪಾನೀ ಭಾಷೆಯ ಪರೀಕ್ಷೆಯನ್ನೂ ಆರೈಕೆಯ ಭಾಷೆಯದೇ ಪ್ರತ್ಯೇಕ ಪರೀಕ್ಷೆಯನ್ನೂ ಮುಗಿಸಬೇಕು. ಈ ಆರೈಕೆಗೆ ಅಲ್ಲಿನ ಹೆಸರು 'ಕೈಗೊ'. ಅದು ಕನ್ನಡದ ಕಿವಿಗೆ 'ಕೈಗೊಳ್ಳು' ಎಂಬಂತೆ ಕೇಳಿಸುವುದು ಬರಿಯ ಆಕಸ್ಮಿಕ.

ವಾಕ್ಯರಚನೆಯ ಹೋಲಿಕೆ ಮಾತ್ರ ಕಲಿಯುವವರಿಗೆ ನಿಜವಾಗಿ ಒದಗಿಬರುತ್ತದೆ. 'ವತಾಶಿ ವ ಮಿಜು ಒ ನೊಮಿಮಸು' ಎಂದರೆ 'ನಾನು ನೀರನ್ನು ಕುಡಿಯುತ್ತೇನೆ'. ಕರ್ತೃ ಮೊದಲು, ಕ್ರಿಯಾಪದ ಕೊನೆಗೆ; 'ನೀರು' ಶಬ್ದಕ್ಕೆ 'ಅನ್ನು' ಹತ್ತುವಂತೆಯೇ 'ಮಿಜು' ಶಬ್ದದ ಹಿಂದೆ 'ಒ' ಬರುತ್ತದೆ. ಕೊನೆಯಲ್ಲಿ 'ಕ' ಸೇರಿಸಿದರೆ ಪ್ರಶ್ನೆಯಾಗುತ್ತದೆ. ಹಿರಿಯರನ್ನು 'ಬಾ' ಎನ್ನದೆ 'ದಯಮಾಡಿಸಿ' ಎನ್ನುವ ಕನ್ನಡಿಗನಿಗೆ, ಗೌರವಕ್ಕಾಗಿ ಕ್ರಿಯಾಪದವೇ ಬದಲಾಗುವ ಜಪಾನೀ ಪದ್ಧತಿಯೂ ಹೊಸದೆನಿಸದು. ಆದರೆ ಮಾಗಡಿಯಲ್ಲಿ ಅಪರಿಚಿತ ವೃದ್ಧೆಯನ್ನು 'ಅಜ್ಜಿ' ಎಂದರೆ ಅದು ಪ್ರೀತಿ. ಅಲ್ಲಿನ ಆರೈಕೆಯ ಮನೆಗಳಲ್ಲಿ ಮನೆತನದ ಹೆಸರಿಗೆ 'ಸಾನ್' ಸೇರಿಸಿ ಕರೆಯುವುದೇ ಮರ್ಯಾದೆ.

ಕಷ್ಟವಿರುವುದು ಲಿಪಿಯಲ್ಲಿ. ಕನ್ನಡದ ವರ್ಣಮಾಲೆ 49 ಅಕ್ಷರಗಳಲ್ಲಿ ಮುಗಿಯುತ್ತದೆ. ಜಪಾನೀಯರ ನಿತ್ಯಬಳಕೆಯ ಪಟ್ಟಿಯಲ್ಲಿ ಚೀನೀ ಮೂಲದ ಅಕ್ಷರಗಳೇ 2,136. ಬಹುಕಾಲ ಮಲಗಿದವರ ಮೈಯಲ್ಲಿ ಆಗುವ ಹಾಸಿಗೆ ಹುಣ್ಣಿಗೆ ಜನರ ಮಾತಿನಲ್ಲಿ 'ತೊಕೊಜುರೆ' ಎಂದಿದ್ದರೆ, ವೈದ್ಯರ ಬರಹದಲ್ಲಿ 'ಜೊಕುಸೋ' ಎಂಬ ಬೇರೆ ಪದವೇ ಉಂಟು. ಇದರ ಪರಿಣಾಮವನ್ನು 2008ರಿಂದ ಅಲ್ಲಿಗೆ ಹೋದ ಇಂಡೊನೇಷ್ಯದ ದಾದಿಯರು ಮೊದಲು ಅನುಭವಿಸಿದರು. ಅವರು ತಮ್ಮ ದೇಶದಲ್ಲಿ ದಾದಿಯ ಶಿಕ್ಷಣ ಮುಗಿಸಿ ಅನುಭವ ಪಡೆದವರು. ಆದರೂ 2009ರ ರಾಷ್ಟ್ರೀಯ ಪರೀಕ್ಷೆಗೆ ಕುಳಿತ ಇಂಥ 82 ವಿದೇಶೀ ಅಭ್ಯರ್ಥಿಗಳಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ. ಮರುವರ್ಷ 254 ಮಂದಿಯಲ್ಲಿ ಮೂವರು ಮಾತ್ರ ತೇರ್ಗಡೆಯಾದರು. ಕೈಯಲ್ಲಿ ವಿದ್ಯೆಯಿತ್ತು, ಪ್ರಶ್ನೆಯನ್ನು ಓದಲಾಗಲಿಲ್ಲ. ಆ ಬಳಿಕ ಕಠಿಣ ಅಕ್ಷರಗಳಿಗೆ ಉಚ್ಚಾರಣೆಯನ್ನೂ ಮುದ್ರಿಸುವ ಏರ್ಪಾಡಾಯಿತು.

ಪರೀಕ್ಷೆ ಮುಗಿದರೂ ಕಲಿಕೆ ಮುಗಿಯದು. ರೋಗಿಯು ತನ್ನ ನೋವನ್ನು ಪುಸ್ತಕದ ಮಾತಿನಲ್ಲಿ ಹೇಳುವುದಿಲ್ಲ. ನಮ್ಮಲ್ಲಿ ಗಾಯ 'ಚುರುಚುರು' ಎನ್ನುವಂತೆ ಜಪಾನೀಯರಿಗೆ ಸುಟ್ಟ ಚರ್ಮ 'ಹಿರಿಹಿರಿ' ಎನ್ನುತ್ತದೆ. ಸೂಜಿ ಚುಚ್ಚಿದಂಥ ನೋವು 'ಚಿಕುಚಿಕು', ನಾಡಿಯೊಡನೆ ಸಿಡಿಯುವ ನೋವು 'ಜುಕಿಜುಕಿ'. ಇನ್ನು 'ದೈಜೋಬು' ಎಂಬ ಮಾತಿಗೆ 'ನಾನು ಚೆನ್ನಾಗಿದ್ದೇನೆ' ಎಂದೂ 'ಬೇಡ, ಇರಲಿ' ಎಂದೂ ಅರ್ಥವಾಗಬಹುದು. ಸಂಕೋಚದ ವೃದ್ಧರು ನೋವಿದ್ದರೂ ಹಾಗೆಂದೇ ಬಿಡುತ್ತಾರೆ. ಆಗ ಮಾತನ್ನು ಕೇಳುತ್ತ ಮುಖವನ್ನೂ ನೋಡಬೇಕು.

ಪಾಳಿ ಮುಗಿಯುವ ಮುನ್ನ ಇದೆಲ್ಲವನ್ನೂ ಬರೆದಿಡಬೇಕು: ಎಷ್ಟು ನೀರು ಕುಡಿದರು, ಎಷ್ಟು ಉಂಡರು, ಎಲ್ಲಿ ನೋವೆಂದರು. ರಾತ್ರಿಯ ಪಾಳಿಗೆ ಬರುವವರಿಗೆ ಆ ಬರಹವೇ ಆಧಾರ. 'ಜುಕಿಜುಕಿ' ಎಂದು ಕೇಳಿದ್ದನ್ನು 'ಹಿರಿಹಿರಿ' ಎಂದು ಬರೆದಿದ್ದರೆ ಅವರು ಸುಟ್ಟ ಗಾಯವನ್ನು ಹುಡುಕುತ್ತಾರೆ. ವೃದ್ಧರ ಹಲ್ಲು ಬೆಳಗಿನವರೆಗೂ ಸಿಡಿಯುತ್ತಲೇ ಇರುತ್ತದೆ.