ಮರುಕಳಿಸುವ ಉರಿಮೂತ್ರಕ್ಕೆ ತಡೆಮದ್ದು

ರೋಗ ಬಂದಾಗ ಔಷಧ ಸೇವಿಸುವುದು ಎಲ್ಲರಿಗೂ ತಿಳಿದ ಸಂಗತಿ. ರೋಗವಿಲ್ಲದಿರುವಾಗಲೂ, ಅದು ಮತ್ತೆ ಬಾರದಿರಲೆಂದು, ತಿಂಗಳುಗಟ್ಟಲೆ ಪ್ರತಿರಾತ್ರಿ ಒಂದು ಸಣ್ಣ ಮಾತ್ರೆಯನ್ನು ನುಂಗುವವರಿದ್ದಾರೆ. ಪದೇಪದೇ ಉರಿಮೂತ್ರಕ್ಕೆ ತುತ್ತಾಗುವ ಹೆಂಗಸರಿಗೆ ವೈದ್ಯರು ಕೆಲವೊಮ್ಮೆ ಇಂಥ ಚಿಕಿತ್ಸೆಯನ್ನು ವಿಧಿಸುತ್ತಾರೆ. ಇದನ್ನು ಕೇಳಿದ ವಿಚಾರಶೀಲ ವಿದ್ಯಾರ್ಥಿಗೆ ಒಂದು ಸಂದೇಹ ಏಳುವುದು ಸಹಜ. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗರು ೧೯೪೫ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ, ಔಷಧವನ್ನು ಸಾಲದ ಪ್ರಮಾಣದಲ್ಲಿ ಕೊಟ್ಟರೆ ಸೂಕ್ಷ್ಮಜೀವಿಗಳು ಸಾಯುವುದಕ್ಕೆ ಬದಲಾಗಿ ಅದನ್ನು ಎದುರಿಸುವ ಶಕ್ತಿಯನ್ನು ಪಡೆಯುತ್ತವೆಂದು ಎಚ್ಚರಿಸಿದ್ದರು. ಹಾಗಿದ್ದಮೇಲೆ, ರೋಗವನ್ನು ಗುಣಪಡಿಸುವ ಪ್ರಮಾಣಕ್ಕಿಂತ ಕಡಮೆಯಾದ ಔಷಧವನ್ನು ದಿನವೂ ಕೊಡುವುದು ಸರಿಯೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದರೆ, ಆ ಔಷಧವನ್ನು ಅಪಾಯವಿಲ್ಲದೆ ಸೇವಿಸುವ ನಿಯಮಗಳೂ ಅದರಿಂದಲೇ ಹೊರಬೀಳುತ್ತವೆ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ಮೂತ್ರಪಿಂಡಗಳು ರಕ್ತವನ್ನು ಸೋಸಿ, ಬೇಡವಾದ ಪದಾರ್ಥಗಳನ್ನು ನೀರಿನೊಡನೆ ಹೊರಹಾಕುತ್ತವೆ. ಹೀಗೆ ಉಂಟಾದ ಮೂತ್ರವು ಮೂತ್ರಕೋಶದಲ್ಲಿ ಕೂಡಿಕೊಂಡು, ಅಲ್ಲಿಂದ ಒಂದು ನಾಳದ ಮೂಲಕ ಹೊರಬೀಳುತ್ತದೆ. ಈ ಹೊರನಾಳದ ಉದ್ದ ಗಂಡಸರಲ್ಲಿ ಸುಮಾರು ೨೦ ಸೆಂಟಿಮೀಟರ್; ಹೆಂಗಸರಲ್ಲಾದರೋ ಸುಮಾರು ೪ ಸೆಂಟಿಮೀಟರ್ ಮಾತ್ರ. ಕರುಳಿನಲ್ಲಿ ಸಾಮಾನ್ಯವಾಗಿ ನಿರುಪದ್ರವಿಯಾಗಿ ವಾಸಿಸುವ ಎಷರೀಷಿಯ ಕೋಲೈ ಎಂಬ ಸೂಕ್ಷ್ಮಜೀವಿ ಈ ಕಿರುದಾರಿಯನ್ನು ಹಿಡಿದು ಮೂತ್ರಕೋಶವನ್ನು ಸೇರಿ ವೃದ್ಧಿಯಾದಾಗ ಉರಿಮೂತ್ರ ತಲೆದೋರುತ್ತದೆ. ೧೮೮೫ರಲ್ಲಿ ಥಿಯೊಡರ್ ಎಷರಿಷ್ ಎಂಬ ವೈದ್ಯರು ಶಿಶುಗಳ ಮಲದಲ್ಲಿ ಗುರುತಿಸಿದ ಈ ಜೀವಿಯೇ ಇಂಥ ಸೋಂಕುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರಕ್ಕೆ ಕಾರಣ. ಈ ರೋಗ ಹೆಂಗಸರನ್ನು ಹೆಚ್ಚಾಗಿ ಕಾಡುವುದು ಬಹುಮಟ್ಟಿಗೆ ಅಂಗರಚನೆಯಿಂದಲೇ ಹೊರತು ಕೊಳಕುತನದಿಂದಾಗಲಿ ನಡತೆಯ ದೋಷದಿಂದಾಗಲಿ ಅಲ್ಲ. ನಾಚಿಕೆಯಿಂದ ಮುಚ್ಚಿಡಬೇಕಾದುದು ಇದರಲ್ಲಿ ಏನೂ ಇಲ್ಲ.

ಇನ್ನು ಸ್ವಲ್ಪ ಗಣಿತ. ಮೂತ್ರಕೋಶದಲ್ಲಿ ಒಂದು ಸೂಕ್ಷ್ಮಜೀವಿ ಅರ್ಧ ಗಂಟೆಗೊಮ್ಮೆ ಎರಡಾಗುತ್ತದೆಂದು ಇಟ್ಟುಕೊಳ್ಳೋಣ. ಮೂರು ಗಂಟೆಗಳಲ್ಲಿ ಅದು ೬೪ ಆಗುತ್ತದೆ. ಆಗ ಮೂತ್ರ ವಿಸರ್ಜಿಸಿದರೆ ಅವುಗಳಲ್ಲಿ ಬಹುಪಾಲು ಕೊಚ್ಚಿಹೋಗುತ್ತವೆ. ಎಂಟು ಗಂಟೆ ತಡೆದರೋ, ಒಂದು ೬೫,೫೩೬ ಆಗಿರುತ್ತದೆ! ಶಾಲೆಯಲ್ಲಿ, ಬಸ್ಸಿನಲ್ಲಿ, ಹೊಲದಲ್ಲಿ ಅನುಕೂಲವಿಲ್ಲವೆಂದು ನೀರನ್ನೇ ಕುಡಿಯದೆ ದಿನ ಕಳೆಯುವ ಹೆಣ್ಣುಮಕ್ಕಳು ತಮಗರಿಯದೆಯೇ ಈ ಗುಣಾಕಾರಕ್ಕೆ ಅವಕಾಶ ಕೊಡುತ್ತಾರೆ. ಬಲ್ಗೇರಿಯದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೀರನ್ನು ಕಡಮೆ ಕುಡಿಯುತ್ತಿದ್ದ, ಪದೇಪದೇ ಈ ಸೋಂಕಿಗೆ ಒಳಗಾಗುತ್ತಿದ್ದ ೧೪೦ ಮಂದಿ ಹೆಂಗಸರನ್ನು ಎರಡು ಗುಂಪು ಮಾಡಿದರು. ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿದವರಿಗೆ ವರ್ಷದಲ್ಲಿ ಸರಾಸರಿ ೧.೭ ಬಾರಿಯೂ ಉಳಿದವರಿಗೆ ೩.೨ ಬಾರಿಯೂ ಸೋಂಕು ತಗಲಿತು. ಆದುದರಿಂದ ತಡೆಯ ಮೊದಲನೆಯ ಮೆಟ್ಟಿಲು ಮಾತ್ರೆಯಲ್ಲ, ನೀರು.

ನೀರಿನಿಂದಲೂ ನಿಲ್ಲದಿದ್ದರೆ? ಆರು ತಿಂಗಳಲ್ಲಿ ಎರಡು ಬಾರಿ, ಇಲ್ಲವೆ ವರ್ಷದಲ್ಲಿ ಮೂರು ಬಾರಿ ಸೋಂಕು ಬಂದರೆ ಅದನ್ನು ಮರುಕಳಿಸುವ ಸೋಂಕೆಂದು ವೈದ್ಯರು ಕರೆಯುತ್ತಾರೆ. ಆದರೆ ಉರಿಯೆಲ್ಲವೂ ಸೋಂಕಲ್ಲ. ಮೂತ್ರಪಿಂಡದ ಕಲ್ಲು, ಜನನಾಂಗದ ಬೇರೆ ಸೋಂಕು ಮುಂತಾದುವೂ ಉರಿಯನ್ನು ಉಂಟುಮಾಡಬಲ್ಲವು. ಮೂತ್ರವನ್ನು ಪ್ರಯೋಗಶಾಲೆಯಲ್ಲಿಟ್ಟು ಸೂಕ್ಷ್ಮಜೀವಿಯನ್ನು ಬೆಳೆಸಿ, ಅದು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನು ತಿಳಿದಮೇಲೆಯೇ ತಡೆಮದ್ದಿನ ಮಾತು. ಆಗ ಇರುವ ಸೋಂಕನ್ನು ಪೂರ್ಣಪ್ರಮಾಣದ ಔಷಧದಿಂದ ಮೊದಲು ಗುಣಪಡಿಸಬೇಕು; ಹೊತ್ತಿ ಉರಿಯುವ ಬೆಂಕಿಗೆ ತಡೆಮದ್ದು ಸಾಲದು.

ಈಗ ನಮ್ಮ ಮೂಲಪ್ರಶ್ನೆಗೆ ಬರೋಣ. ೧೯೫೩ರಿಂದ ಬಳಕೆಯಲ್ಲಿರುವ ನೈಟ್ರೋಫ್ಯುರಾಂಟಾಯಿನ್ ಎಂಬ ಔಷಧವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಡೆಗಾಗಿ ಇದನ್ನು ಸಾಮಾನ್ಯವಾಗಿ ರಾತ್ರಿ ೫೦ ಅಥವಾ ೧೦೦ ಮಿಲಿಗ್ರಾಂ ಕೊಡುತ್ತಾರೆ. ೫೦ ಮಿಲಿಗ್ರಾಂ ಔಷಧವು ದೇಹದ ಸುಮಾರು ೩೦ ಲೀಟರ್ ನೀರಿನಲ್ಲೆಲ್ಲ ಹರಡಿಕೊಂಡರೆ, ಒಂದು ಮಿಲಿಲೀಟರಿಗೆ ಎರಡು ಮೈಕ್ರೋಗ್ರಾಂ ಕೂಡ ಆಗುವುದಿಲ್ಲ. ಇಷ್ಟರಿಂದ ಯಾವ ಸೂಕ್ಷ್ಮಜೀವಿಯೂ ಹೆದರಬೇಕಾಗಿಲ್ಲ. ಆದರೆ ಮೂತ್ರಪಿಂಡಗಳು ಇದನ್ನು ರಕ್ತದಿಂದ ಬೇಗಬೇಗನೆ ಸೆಳೆದು ಮೂತ್ರಕ್ಕೆ ಸೇರಿಸುತ್ತವೆ. ನುಂಗಿದುದರಲ್ಲಿ ಮೂರರಲ್ಲೊಂದು ಪಾಲು, ಎಂದರೆ ಸುಮಾರು ೧೬ ಮಿಲಿಗ್ರಾಂ, ಮೂತ್ರವನ್ನು ಸೇರಿತೆನ್ನೋಣ. ರಾತ್ರಿ ಕೂಡಿಕೊಳ್ಳುವ ಮೂತ್ರ ೪೦೦ ಮಿಲಿಲೀಟರ್ ಆದರೆ, ಒಂದೊಂದು ಮಿಲಿಲೀಟರಿನಲ್ಲಿಯೂ ೪೦ ಮೈಕ್ರೋಗ್ರಾಂ ಔಷಧವಿರುತ್ತದೆ. ೩೨ ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಮೆ ಔಷಧದಿಂದ ಬೆಳವಣಿಗೆ ನಿಲ್ಲುವ ಸೂಕ್ಷ್ಮಜೀವಿಯನ್ನು ಪ್ರಯೋಗಶಾಲೆಗಳು ಈ ಔಷಧಕ್ಕೆ ಬಗ್ಗುವಂಥದೆಂದು ಎಣಿಸುತ್ತವೆ. ಹೀಗೆ ದೇಹಕ್ಕೆಲ್ಲ ಅತ್ಯಲ್ಪವಾದ ಪ್ರಮಾಣವು, ಬೇಕಾದ ಒಂದೇ ಸ್ಥಳದಲ್ಲಿ ಸಾಕಷ್ಟಾಗುತ್ತದೆ. ಮೇಲಾಗಿ ಈ ಔಷಧವು ಸೂಕ್ಷ್ಮಜೀವಿಯನ್ನು ಏಕಕಾಲದಲ್ಲಿ ಹಲವು ಕಡೆಗಳಲ್ಲಿ ಘಾತಿಸುವುದರಿಂದ, ಅದಕ್ಕೆ ಎದುರುನಿಲ್ಲುವುದು ಎಷರೀಷಿಯ ಕೋಲೈಗೆ ಸುಲಭವಲ್ಲ. ಫ್ಲೆಮಿಂಗರ ಎಚ್ಚರಿಕೆ ಇಲ್ಲಿ ಸುಳ್ಳಾಗಲಿಲ್ಲ. ಪ್ರಮಾಣವನ್ನು ನುಂಗುವ ಬಾಯಿಯಲ್ಲಿ ಅಳೆಯದೆ, ಶತ್ರುವಿರುವ ಸ್ಥಳದಲ್ಲಿ ಅಳೆಯಬೇಕೆಂಬುದೇ ಇದರ ತಾತ್ಪರ್ಯ.

ಈ ಲೆಕ್ಕದಿಂದ ನಿಯಮಗಳು ಹೇಗೆ ಹುಟ್ಟುತ್ತವೆ, ನೋಡಿ.

ಒಂದನೆಯದು, ಹೊತ್ತು. ಮಲಗುವ ಮೊದಲು ಮೂತ್ರ ವಿಸರ್ಜಿಸಿ, ಏನಾದರೂ ಆಹಾರದೊಡನೆ ಇಲ್ಲವೆ ಹಾಲಿನೊಡನೆ ಮಾತ್ರೆಯನ್ನು ತೆಗೆದುಕೊಂಡರೆ, ಔಷಧವು ರಾತ್ರಿಯೆಲ್ಲ ಮೂತ್ರಕೋಶದಲ್ಲಿ ನಿಲ್ಲುತ್ತದೆ. ಆಹಾರದಿಂದ ಹೊಟ್ಟೆತೊಳಸುವುದೂ ಕಡಮೆಯಾಗುತ್ತದೆ. ಹಗಲು ನೀರು, ರಾತ್ರಿ ಮಾತ್ರೆ ಎಂದು ನೆನಪಿಡಬಹುದು. ಒಂದು ರಾತ್ರಿ ಮರೆತರೆ ಮರುರಾತ್ರಿ ಎರಡು ನುಂಗಬಾರದು.

ಎರಡನೆಯದು, ಮೂತ್ರಪಿಂಡ. ಆರೋಗ್ಯವಂತರ ಮೂತ್ರಪಿಂಡಗಳು ನಿಮಿಷಕ್ಕೆ ೧೦೦ ಮಿಲಿಲೀಟರಿಗಿಂತ ಹೆಚ್ಚು ದ್ರವವನ್ನು ಸೋಸುತ್ತವೆ. ಇದು ೪೫ಕ್ಕಿಂತ ಕೆಳಗಿಳಿದವರಿಗೆ ವೈದ್ಯರು ಸಾಮಾನ್ಯವಾಗಿ ಈ ಔಷಧವನ್ನು ಕೊಡುವುದಿಲ್ಲ. ಏಕೆಂದರೆ ಔಷಧವು ಮೂತ್ರಕ್ಕೆ ಇಳಿಯದೆ ರಕ್ತದಲ್ಲಿಯೇ ಉಳಿದು, ಮಾಡಬೇಕಾದ ಕೆಲಸವನ್ನು ಬಿಟ್ಟು ನರಗಳಿಗೆ ಹಾನಿಮಾಡುತ್ತದೆ. ವಯಸ್ಸಾದವರು ಆರಂಭಕ್ಕೆ ಮುಂಚೆಯೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕಾದುದು ಇದಕ್ಕಾಗಿ.

ಮೂರನೆಯದು, ಜ್ವರ. ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಇವು ಕಂಡರೆ ಸೋಂಕು ಮೂತ್ರಪಿಂಡಕ್ಕೇ ಏರಿರಬಹುದು. ರಕ್ತದಲ್ಲಿಯೂ ಅಂಗಾಂಶದಲ್ಲಿಯೂ ಅತ್ಯಲ್ಪವಾಗಿರುವ ಈ ಔಷಧ ಅಲ್ಲಿ ನಿಷ್ಪ್ರಯೋಜಕ. ಮಾತ್ರೆಗಳನ್ನು ಹೆಚ್ಚಿಸುತ್ತ ಕೂರದೆ ಆ ದಿನವೇ ವೈದ್ಯರನ್ನು ಕಾಣಬೇಕು.

ಔಷಧದ ಬೇರೆ ಪರಿಣಾಮಗಳನ್ನೂ ತಿಳಿದಿರಬೇಕು. ಮೂತ್ರವು ಕಡುಹಳದಿಯಾಗಿಯೋ ಕಂದಾಗಿಯೋ ಕಾಣಬಹುದು, ಇದಕ್ಕೆ ಅಂಜಬೇಕಾಗಿಲ್ಲ. ಹೊಸದಾಗಿ ಕೆಮ್ಮು ಅಥವಾ ಏದುಸಿರು ಬಂದರೆ, ಕೈಕಾಲುಗಳು ಜುಮ್ಮೆಂದು ಮರಗಟ್ಟಿದರೆ, ಕಣ್ಣು ಹಳದಿಯಾದರೆ, ಮಾತ್ರೆಯನ್ನು ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು. ಶ್ವಾಸಕೋಶ, ನರ, ಯಕೃತ್ತುಗಳಿಗೆ ಹಾನಿಯಾಗುವುದು ವಿರಳವಾದರೂ, ದೀರ್ಘಕಾಲ ಸೇವಿಸುವವರಲ್ಲಿ ಅದು ಸಂಭವಿಸಿದೆ. ಹೆರಿಗೆಯ ದಿನ ಸಮೀಪಿಸಿದ ಗರ್ಭಿಣಿಯರಿಗೂ, ಜಿ೬ಪಿಡಿ ಎಂಬ ಎನ್‌ಜೈಮಿನ ಕೊರತೆ ಹುಟ್ಟಿನಿಂದ ಇರುವವರಿಗೂ ಇದು ಸಲ್ಲದು; ಇವರಲ್ಲಿ ರಕ್ತಕಣಗಳು ಒಡೆಯುವ ಭಯವಿದೆ. ಇದೇ ಉದ್ದೇಶಕ್ಕೆ ಕೊಡುವ ಟ್ರೈಮೆಥೊಪ್ರಿಂ ಎಂಬ ಇನ್ನೊಂದು ಔಷಧವು ರಕ್ತದ ಪೊಟ್ಯಾಸಿಯಂ ಅಂಶವನ್ನು ಹೆಚ್ಚಿಸಬಲ್ಲದು. ರಕ್ತದೊತ್ತಡದ ಕೆಲವು ಮಾತ್ರೆಗಳೂ ಇದನ್ನೇ ಮಾಡುವುದರಿಂದ, ತಾವು ಸೇವಿಸುತ್ತಿರುವ ಔಷಧಗಳೆಲ್ಲವನ್ನೂ ವೈದ್ಯರಿಗೆ ಹೇಳುವುದು ಅವಶ್ಯಕ.

ಎಷ್ಟು ಕಾಲ ಸೇವಿಸಬೇಕು? ೪೩೦ ಮಂದಿ ಹೆಂಗಸರಲ್ಲಿ ನಡೆದ ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೦೪ರಲ್ಲಿ ನಡೆಸಿದ ಪರಿಶೀಲನೆಯಲ್ಲಿ, ಇಂಥ ತಡೆಮದ್ದುಗಳನ್ನು ಸೇವಿಸುತ್ತಿರುವವರೆಗೆ ಸೋಂಕಿನ ಸಂಭವ ಸುಮಾರು ಐದರಲ್ಲೊಂದು ಪಾಲಿಗೆ ಇಳಿದುದು ಕಂಡುಬಂದಿತು. ನಿಲ್ಲಿಸಿದಮೇಲೆ ಈ ಲಾಭ ಉಳಿಯಲಿಲ್ಲ. ಎಂದರೆ ಇದು ತಡೆಯೇ ಹೊರತು ರೋಗವನ್ನು ಬೇರುಸಹಿತ ಕೀಳುವ ಚಿಕಿತ್ಸೆಯಲ್ಲ. ಆದುದರಿಂದ ಮೂರರಿಂದ ಆರು ತಿಂಗಳಾದಮೇಲೆ ವೈದ್ಯರು ಮರುಪರಿಶೀಲಿಸಿ, ನಿಲ್ಲಿಸಿ ನೋಡುವುದುಂಟು. ಮಾತ್ರೆ ಮುಗಿದಂತೆಲ್ಲ ಹಳೆಯ ಚೀಟಿಯನ್ನು ತೋರಿಸಿ ವರ್ಷಗಟ್ಟಲೆ ಕೊಂಡು ನುಂಗುವುದು ತಪ್ಪು.

ಬೇರೆ ದಾರಿಗಳೂ ಇವೆ. ಋತುಸ್ರಾವ ನಿಂತ ಹೆಂಗಸರಿಗೆ ಈಸ್ಟ್ರೊಜೆನ್ ಮುಲಾಮನ್ನು ಯೋನಿಯಲ್ಲಿ ಲೇಪಿಸುವುದರಿಂದ, ಅಲ್ಲಿ ರಕ್ಷಕವಾದ ಸೂಕ್ಷ್ಮಜೀವಿಗಳು ಮರಳಿ ನೆಲಸಿ ಸೋಂಕು ಬಹಳ ಕಡಮೆಯಾಗುವುದೆಂದು ೧೯೯೩ರ ಒಂದು ಪ್ರಯೋಗ ತೋರಿಸಿತು. ೧೮೫೯ರಲ್ಲಿ ರಷ್ಯದ ರಸಾಯನವಿಜ್ಞಾನಿ ಬುಟ್ಲೆರೋವ್ ತಯಾರಿಸಿದ ಮೆಥೆನಮೀನ್ ಎಂಬ ಪದಾರ್ಥವು ಆಮ್ಲೀಯ ಮೂತ್ರದಲ್ಲಿ ಒಡೆದು ಫಾರ್ಮಾಲ್ಡಿಹೈಡನ್ನು ಬಿಡುಗಡೆ ಮಾಡುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ನಿನ ಸಾರವೇ ಇದು! ಇದಕ್ಕೆ ಸೂಕ್ಷ್ಮಜೀವಿಗಳು ಎದುರುನಿಲ್ಲುವುದನ್ನು ಕಲಿತಿಲ್ಲ. ಬ್ರಿಟನ್ನಿನಲ್ಲಿ ೨೪೦ ಮಂದಿ ಹೆಂಗಸರ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಪ್ರಯೋಗವು, ತಡೆಗಾಗಿ ಇದು ದಿನನಿತ್ಯದ ಸೂಕ್ಷ್ಮಜೀವಿನಾಶಕ ಮಾತ್ರೆಗಿಂತ ಗಣನೀಯವಾಗಿ ಕೀಳಲ್ಲವೆಂದು ತೀರ್ಮಾನಿಸಿತು.

ಒಬ್ಬರಿಗೆ ವಿಧಿಸಿದ ಮಾತ್ರೆಯನ್ನು ಅಕ್ಕನಿಗೋ ನೆರೆಯವರಿಗೋ ಕೊಡುವ ಔದಾರ್ಯ ನಮ್ಮ ಮನೆಗಳಲ್ಲಿ ಸಾಮಾನ್ಯ. ಆದರೆ ಮೇಲಿನ ಲೆಕ್ಕವೆಲ್ಲ ಒಬ್ಬ ವ್ಯಕ್ತಿಯ ಮೂತ್ರಪಿಂಡವನ್ನೂ, ಅವರಲ್ಲಿ ಬೆಳೆದ ಸೂಕ್ಷ್ಮಜೀವಿಯನ್ನೂ ಅವಲಂಬಿಸಿದೆ. ಆ ಎರಡೂ ಬದಲಾದಮೇಲೆ ಮಾತ್ರೆ ಅದೇ ಆದರೂ ಫಲ ಅದೇ ಆಗಲಾರದು. ಕೊಡಬೇಕಾದುದು ಮಾತ್ರೆಯಲ್ಲ, ಸಂಕೋಚಪಡದೆ ವೈದ್ಯರ ಬಳಿಗೆ ಹೋಗಿರೆಂಬ ಧೈರ್ಯದ ಮಾತು.